ಫೋಟೋದ ಅಂಚಿನಲ್ಲಿ ನಿಂತ ಎಂಜಿನ್

ಹಳೆಯ ಫೋಟೋದಲ್ಲಿ ರೈಲು ಕಂಡರೂ ನಾವು ನೋಡುವುದು ಜನರನ್ನೇ. ಅಜ್ಜಿ ಯಾರು, ಅವರ ಸೊಂಟದ ಮೇಲಿರುವ ಕೂಸು ಯಾರು, ಟ್ರಂಕಿನ ಮೇಲೆ ಕೂತು ಮುಖ ಗಂಟಿಕ್ಕಿಕೊಂಡಿರುವ ಹುಡುಗ ಈಗ ಎಲ್ಲಿದ್ದಾನೆ ಎಂದು ವಿಚಾರಿಸುತ್ತೇವೆ. ಅವರ ಬೆನ್ನ ಹಿಂದೆ ಅರ್ಧ ಮಾತ್ರ ಕಾಣುವ ಎಂಜಿನ್ನಿನ ಕಡೆಗೆ ಕಣ್ಣು ಹೋಗುವುದೇ ಇಲ್ಲ. ಒಮ್ಮೆ ಅತ್ತ ನೋಡಿ! ತಾನು ಯಾವ ದೇಶದ ಕಾರ್ಖಾನೆಯ ನಕ್ಷೆಯಲ್ಲಿ ಹುಟ್ಟಿದ್ದು, ಎಷ್ಟು ಅಗಲದ ಹಳಿಯ ಮೇಲೆ ನಿಂತಿದ್ದೇನೆ, ಈ ಫೋಟೋ ಯಾವ ವರ್ಷದಿಂದ ಯಾವ ವರ್ಷದೊಳಗೆ ತೆಗೆದದ್ದು ಎಂಬುದನ್ನೆಲ್ಲ ಆ ಅರ್ಧ ಎಂಜಿನ್ ಹೇಳಿಬಿಡುತ್ತದೆ. ಫೋಟೋದ ಹಿಂಬದಿಯಲ್ಲಿ ಯಾರೂ ಬರೆದಿಡದ ತಾರೀಖು ಮುಂಬದಿಯಲ್ಲೇ ಇದೆ ಎಂದು ತಿಳಿದ ದಿನ ನನಗೆ ಆದ ರೋಮಾಂಚನ ಇನ್ನೂ ಇಳಿದಿಲ್ಲ.

ಈಗ ಮೇಜಿನ ಮೇಲೆ ಒಂದು ಕಪ್ಪುಬಿಳುಪು ಪ್ರಿಂಟ್ ಇದೆ. ಸಂಬಂಧಿಕರ ಮನೆಯ ಆಲ್ಬಮ್ಮಿನಿಂದ ಬಂದದ್ದು, ಅಂಗೈಗಿಂತ ತುಸು ದೊಡ್ಡದು. ಪ್ಲಾಟ್‌ಫಾರಂ ಮೇಲೆ ಐದು ಜನ, ಬಲ ಅಂಚಿನಲ್ಲಿ ಒಂದು ಡೀಸೆಲ್ ಎಂಜಿನ್ನಿನ ಮೂಗು, ಅದರ ಪಕ್ಕದಲ್ಲಿ ತುಂಡಾದ ಒಂದು ಊರಿನ ಹಲಗೆ. ಹಲಗೆಯ ಕನ್ನಡ ಸಾಲಿನಲ್ಲಿ ಉಳಿದಿರುವುದು ‘ಕೆರೆ’ ಎಂಬ ಎರಡು ಅಕ್ಷರ ಮಾತ್ರ. ಕರ್ನಾಟಕದಲ್ಲಿ ಕೆರೆಗೆ ಬರವೇ? ಯಾವ ಊರೆಂದು ಹುಡುಕುವುದು!

ಭೂತಗನ್ನಡಿಯನ್ನು ಎಂಜಿನ್ನಿನ ಮುಖದ ಕೆಳಭಾಗಕ್ಕೆ ಒಯ್ದೆ. ನಮ್ಮ ದೇಶದ ಬ್ರಾಡ್ ಗೇಜ್ ಡೀಸೆಲ್ ಎಂಜಿನ್ನುಗಳ ಮುಖದಲ್ಲಿ ಎಡಕ್ಕೊಂದು ಬಲಕ್ಕೊಂದು ತಟ್ಟೆಯಂಥ ದುಂಡನೆಯ ಬಫರ್ ಇರುತ್ತವೆ. ಈ ಎಂಜಿನ್ನಿಗೆ ಅವಿಲ್ಲ. ನಟ್ಟನಡುವೆ ಒಂದೇ ಒಂದು ಬಫರ್, ಡಬ್ಬಿಗಳನ್ನು ಸಿಕ್ಕಿಸುವ ಕೊಂಡಿಯೂ ಅಲ್ಲೇ. ಅಂದರೆ ಇದು ಮೀಟರ್ ಗೇಜ್! ಹಳಿ ಪ್ಲಾಟ್‌ಫಾರಂ ಮರೆಯಲ್ಲಿದೆ, ಅಳೆದು ನೋಡುವ ಮಾತೇ ಇಲ್ಲ. ಆದರೂ ಆ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್ ಅಲ್ಲ, 1000 ಮಿಲಿಮೀಟರ್ ಎಂದು ಒಂದು ಬಫರ್ ಸಾರುತ್ತಿದೆ.

ಎಂಜಿನ್ನಿನ ಮೈಕಟ್ಟು ನೋಡಿದೆ. ಡ್ರೈವರ್ ಕೋಣೆಯ ಮುಂದಕ್ಕೆ ಚಾಚಿದ ಕಿರಿದಾದ ಪೆಟ್ಟಿಗೆ, ಅದರ ಪಕ್ಕೆಯಲ್ಲಿ ಉದ್ದುದ್ದ ಬಾಗಿಲುಗಳ ಸಾಲು, ಬಾಗಿಲುಗಳ ಹೊರಗೆ ಓಡಾಡಲು ಕಿರಿದಾದ ಕಟ್ಟೆ, ಕಟ್ಟೆಗೆ ಕೈಪಿಡಿ ಸರಳು. ಕೆಳಗೆ ಚಕ್ರಗಳ ಒಂದೊಂದು ಚೌಕಟ್ಟಿಗೆ ಮೂರು ಅಚ್ಚು. ಇವೆಲ್ಲ ಸೇರಿದರೆ ದಕ್ಷಿಣದ ಮೀಟರ್ ಗೇಜಿನಲ್ಲಿ ಹೆಚ್ಚುಕಡಿಮೆ ಒಂದೇ ಉತ್ತರ: ವೈಡಿಎಂ-4. ಮೊದಲಕ್ಷರ ‘ವೈ’ ಮೀಟರ್ ಗೇಜಿಗೆ, ‘ಡಿ’ ಡೀಸೆಲ್ಲಿಗೆ, ‘ಎಂ’ ಪ್ರಯಾಣಿಕರ ಗಾಡಿ ಗೂಡ್ಸ್ ಗಾಡಿ ಎರಡನ್ನೂ ಎಳೆಯುವ ಮಿಶ್ರ ಕೆಲಸಕ್ಕೆ. ಬ್ರಾಡ್ ಗೇಜ್ ಆದರೆ ‘ವೈ’ ಬದಲು ‘ಡಬ್ಲ್ಯು’.

ಇನ್ನು ಊರು. ಮೀಟರ್ ಗೇಜ್ ಇದ್ದ, ಹೆಸರಿನ ಕೊನೆಗೆ ಕೆರೆ ಇದ್ದ ನಿಲ್ದಾಣ ಎಂದೊಡನೆ ಹೊಳೆದದ್ದು ಎರಡು. ಬೀರೂರು–ಶಿವಮೊಗ್ಗ ದಾರಿಯ ತರೀಕೆರೆ, ಬೆಂಗಳೂರು–ಹುಬ್ಬಳ್ಳಿ ದಾರಿಯ ಅರಸೀಕೆರೆ. ಭೂತಗನ್ನಡಿಯನ್ನು ಹಲಗೆಯ ಇಂಗ್ಲಿಷ್ ಸಾಲಿಗೆ ಇಳಿಸಿದೆ. ಮುಂಭಾಗ ಒಬ್ಬರ ಭುಜದ ಹಿಂದೆ ಅಡಗಿದೆ, ಆದರೆ ಕೊನೆಯಲ್ಲಿ ಬಿಡಿಯಾಗಿ ಎರಡು ಅಕ್ಷರ: ಜೆ, ಎನ್. ಜಂಕ್ಷನ್! ಮೈಸೂರಿನ ದಾರಿ ಬಂದು ಕೂಡುವ ಅರಸೀಕೆರೆಯೇ ಸರಿ. ಆ ಎರಡು ಅಕ್ಷರ ಕಂಡಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.

ಕಾಲವನ್ನು ಎರಡು ಕಡೆಯಿಂದ ಒತ್ತುತ್ತಾ ಬರಬೇಕು. ಈ ಜಾತಿಯ ಎಂಜಿನ್ ಭಾರತಕ್ಕೆ ಬಂದದ್ದು 1960ರ ದಶಕದ ಆರಂಭದಲ್ಲಿ, ಆದ್ದರಿಂದ ಫೋಟೋ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಅರಸೀಕೆರೆಯ ಮುಖ್ಯ ದಾರಿ ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ, ಆದ್ದರಿಂದ ಅದರಾಚೆಗೂ ಹೋಗಲಾರದು. ನಡುವಿನ ಮೂವತ್ತು ವರ್ಷಗಳನ್ನು ಕಿರಿದು ಮಾಡಿದ್ದು ಎಂಜಿನ್ ಅಲ್ಲ, ಅದರ ಮುಂದೆ ನಿಂತ ಯುವಕನ ಪ್ಯಾಂಟು! ಮೊಣಕಾಲಿನಿಂದ ಕೆಳಕ್ಕೆ ಗಂಟೆಯ ಹಾಗೆ ಅರಳಿದ ಬೆಲ್‌ಬಾಟಂ. ಎಪ್ಪತ್ತರ ದಶಕದ ಉತ್ತರಾರ್ಧ ಅಥವಾ ಎಂಬತ್ತರ ಮೊದಲ ಒಂದೆರಡು ವರ್ಷ. ಜನ ಎಂಜಿನ್ನನ್ನು ಗುರುತಿಸುತ್ತಾರೆ, ಎಂಜಿನ್ ಜನರನ್ನು ಗುರುತಿಸುತ್ತದೆ.

ಅದೇ ಫೋಟೋದಲ್ಲಿ ದೂರದಲ್ಲೊಂದು ಉಗಿಬಂಡಿಯ ಚಿಮಣಿಯೂ ಇದೆ. ಉಗಿ ಎಂಜಿನ್ ಕಂಡರೆ ಫೋಟೋ ಬಹಳ ಹಳೆಯದು ಎಂದು ತೀರ್ಮಾನಿಸುವವರಿದ್ದಾರೆ. ನಮ್ಮ ದೇಶದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಬ್ರಾಡ್ ಗೇಜಿನಲ್ಲಿ ಉಗಿಬಂಡಿಯ ದಿನನಿತ್ಯದ ಓಟ ನಿಂತದ್ದು 1995ರ ಡಿಸೆಂಬರಿನಲ್ಲಿ, ಮೀಟರ್ ಗೇಜಿನಲ್ಲಿ ಇನ್ನೂ ತಡವಾಗಿ. ಡೀಸೆಲ್ಲೂ ಉಗಿಯೂ ಒಂದೇ ಅಂಗಳದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಬಾಳಿವೆ.

ಬ್ರಾಡ್ ಗೇಜ್ ಫೋಟೋಗಳಿಗೆ ಬಂದರೆ ಆಟ ಬೇರೆ. ಅಲ್ಲಿ ಮೂರು ಅಮೆರಿಕನ್ ಮುಖಗಳನ್ನು ಬಿಡಿಸಿ ಗುರುತಿಸಬೇಕು. ಮೊದಲು ಬಂದದ್ದು ಡಬ್ಲ್ಯುಡಿಎಂ-1. 1957ರಿಂದ ಅಮೆರಿಕದ ಆಲ್ಕೊ ಕಂಪನಿಯಿಂದ 100 ಎಂಜಿನ್ ಬಂದವು, ಮುಖ್ಯ ಮಾರ್ಗದಲ್ಲಿ ಓಡಿದ ನಮ್ಮ ಮೊದಲ ಡೀಸೆಲ್ಲುಗಳು ಇವೇ. ಇದನ್ನು ಗುರುತಿಸಲು ಭೂತಗನ್ನಡಿಯೂ ಬೇಡ. ಒಂದು ತುದಿಯಲ್ಲಿ ದುಂಡನೆಯ ಉಬ್ಬು ಮೂಗು, ಹಿಂದಕ್ಕೆ ಮೈಯೆಲ್ಲ ಪೂರ್ತಿ ಅಗಲ, ಹೊರಗಡೆ ಓಡಾಡುವ ಕಟ್ಟೆ ಇಲ್ಲ, ಇನ್ನೊಂದು ತುದಿ ಮೊಂಡು. ಡ್ರೈವರ್ ಕೋಣೆ ಒಂದೇ. ಇಂಥದೇ ಮೂಗನ್ನು ನಾನು ಆಸ್ಟ್ರೇಲಿಯಾದ ಫೋಟೋಗಳಲ್ಲಿ ಕಂಡು ಬೆರಗಾದೆ. ನ್ಯೂ ಸೌತ್ ವೇಲ್ಸ್‌ನ 44 ಕ್ಲಾಸ್ ಎಂಜಿನ್ನುಗಳು ಇದೇ ಡಿಎಲ್-500 ವಿನ್ಯಾಸದ ದಾಯಾದಿಗಳು, ಅವೂ 1957ರಿಂದಲೇ ಓಡತೊಡಗಿದವು. ಸಿಡ್ನಿಯ ಎಕ್ಸ್‌ಪ್ರೆಸ್ ಗಾಡಿಯ ಮುಂದೆಯೂ ನಮ್ಮ ಪೂರ್ವ ಭಾರತದ ಗೂಡ್ಸ್ ಗಾಡಿಯ ಮುಂದೆಯೂ ಒಂದೇ ಮನೆತನದ ಮುಖ!

1962ರಲ್ಲಿ ಉಳಿದಿಬ್ಬರು ಬಂದರು, ಒಂದೇ ಕಾಲಕ್ಕೆ, ಪೈಪೋಟಿಗೆ ಬಿದ್ದವರಂತೆ. ಆಲ್ಕೊದ್ದು ಡಬ್ಲ್ಯುಡಿಎಂ-2, ಜನರಲ್ ಮೋಟರ್ಸ್‌ನದು ಡಬ್ಲ್ಯುಡಿಎಂ-4. ಎರಡಕ್ಕೂ 2600 ಅಶ್ವಶಕ್ತಿ, ಎರಡಕ್ಕೂ ಆರು ಅಚ್ಚು, ಎರಡಕ್ಕೂ ಹೊರಗೆ ಓಡಾಡುವ ಕಟ್ಟೆ. ಮಸುಕು ಫೋಟೋದಲ್ಲಿ ಅವಳಿಗಳೇ ಅನ್ನಿಸಬಹುದು. ಇಲ್ಲಿ ಸಹಾಯಕ್ಕೆ ಬರುವುದು ಚಕ್ರ.

ಡಬ್ಲ್ಯುಡಿಎಂ-2ರ ಒಂದು ಚೌಕಟ್ಟಿನ ಮೂರು ಚಕ್ರಗಳನ್ನು ಗಮನವಿಟ್ಟು ನೋಡಿ. ಚಕ್ರಗಳ ನಡುವಿನ ಎರಡು ಸಂದುಗಳು ಸಮ ಇಲ್ಲ. ಎರಡು ಚಕ್ರ ಹತ್ತಿರ, ಮೂರನೆಯದು ಸ್ವಲ್ಪ ದೂರ. ಅಚ್ಚುಗಳನ್ನು ತಿರುಗಿಸುವ ಮೋಟರುಗಳನ್ನು ಕೂರಿಸಲು ಆಲ್ಕೊ ಮಾಡಿದ ಹಂಚಿಕೆ ಇದು. ಡಬ್ಲ್ಯುಡಿಎಂ-4ರಲ್ಲಿ ಸಂದುಗಳು ಸಮ. ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು, ಆಮೇಲೆ ಈ ವ್ಯತ್ಯಾಸವನ್ನು ಕಾಣದೆ ಇರಲು ಆಗುವುದೇ ಇಲ್ಲ. ನೂರು ಅಡಿ ದೂರದಿಂದ ತೆಗೆದ ಫೋಟೋದಲ್ಲೂ, ಸಂಖ್ಯೆ ಅಳಿಸಿಹೋಗಿದ್ದರೂ, ಬಣ್ಣ ಯಾವುದೆಂದು ತಿಳಿಯದಿದ್ದರೂ, ಆ ಹೆಚ್ಚುಕಮ್ಮಿಯ ಸಂದು ಆಲ್ಕೊ ಎಂದು ಕೂಗಿ ಹೇಳುತ್ತದೆ. ಛಾವಣಿಯೂ ಕಂಡರೆ ಇನ್ನೂ ಖಾತ್ರಿ. ಆಲ್ಕೊದ ರೇಡಿಯೇಟರ್ ಉದ್ದ ಮೂಗಿನ ತುದಿಯಲ್ಲಿ, ಅದಕ್ಕೆ ಒಂದು ಭಾರಿ ಫ್ಯಾನು. ಜನರಲ್ ಮೋಟರ್ಸ್‌ನವರದು ಛಾವಣಿಯ ಮೇಲೆ ಸಾಲಾಗಿ ಕೂತ ಫ್ಯಾನುಗಳು.

ಹೊಗೆ ಕೂಡ ಸಾಕ್ಷಿ! ನನಗೆ ಎಲ್ಲಕ್ಕಿಂತ ಅಚ್ಚರಿ ತಂದದ್ದು ಇದೇ. ನಿಲ್ದಾಣದಿಂದ ಹೊರಡುತ್ತಿರುವ ಎಂಜಿನ್ನಿನ ಮೇಲೆ ಕಪ್ಪು ಹೊಗೆಯ ಗೋಪುರ ಎದ್ದಿದೆಯೇ? ಹಾಗಿದ್ದರೆ ಆಲ್ಕೊ ಇರುವ ಸಂಭವ ಬಹಳ. ಡ್ರೈವರ್ ಒಮ್ಮೆಲೇ ಶಕ್ತಿ ಕೇಳಿದಾಗ ಸಿಲಿಂಡರುಗಳಿಗೆ ಡೀಸೆಲ್ ಕೂಡಲೇ ನುಗ್ಗುತ್ತದೆ. ಆದರೆ ಗಾಳಿ ತುಂಬಬೇಕಾದ ಟರ್ಬೊ ತಿರುಗುವುದು ಎಂಜಿನ್ ಹೊರಬಿಡುವ ಬಿಸಿ ಅನಿಲದಿಂದ. ಅದು ವೇಗ ಹಿಡಿಯಲು ಕೆಲವು ಕ್ಷಣ ಬೇಕು. ಆ ಕೆಲವು ಕ್ಷಣ ಎಣ್ಣೆ ಜಾಸ್ತಿ, ಗಾಳಿ ಕಡಿಮೆ. ಅರೆಬೆಂದ ಎಣ್ಣೆಯೇ ಆ ಕರಿ ಮೋಡ. ಜನರಲ್ ಮೋಟರ್ಸ್ ಎಂಜಿನ್ನಿನ ಟರ್ಬೊ ಶುರುವಿನಲ್ಲಿ ಗೇರಿನ ಬಲದಿಂದಲೇ ತಿರುಗಿ, ಅನಿಲದ ಒತ್ತಡ ಸಾಕಷ್ಟಾದ ಮೇಲೆ ಗೇರನ್ನು ಬಿಟ್ಟುಕೊಡುತ್ತದೆ. ಅದಕ್ಕೇ ಆ ಮೋಡ ಅಷ್ಟು ದಟ್ಟವಾಗುವುದಿಲ್ಲ. ಐವತ್ತು ವರ್ಷದ ಹಿಂದೆ ಕ್ಯಾಮೆರಾದ ಬಟನ್ ಒತ್ತಿದ ಆ ಕ್ಷಣದಲ್ಲಿ ಎಂಜಿನ್ನಿನ ಹೊಟ್ಟೆಯೊಳಗೆ ಏನು ನಡೆಯುತ್ತಿತ್ತು ಎಂಬುದು ಕಾಗದದ ಮೇಲೆ ಕಪ್ಪು ಮಚ್ಚೆಯಾಗಿ ಉಳಿದಿದೆ. ಇದಕ್ಕಿಂತ ದೊಡ್ಡ ಸೋಜಿಗ ಇನ್ನೇನು ಬೇಕು?

ಈಗ ರಾಜಧಾನಿ ಎಕ್ಸ್‌ಪ್ರೆಸ್ಸಿನ ಮೊದಲ ದಿನಗಳ ಫೋಟೋ ನೋಡೋಣ. 1969ರ ಮಾರ್ಚ್ 1ರಂದು ನವದೆಹಲಿಯಿಂದ ಹೌರಾಕ್ಕೆ ಹೊರಟ ಗಾಡಿ. ಗಂಟೆಗೆ 120 ಕಿಲೋಮೀಟರ್ ವೇಗ, 17 ಗಂಟೆ 20 ನಿಮಿಷದ ಪ್ರಯಾಣ. ಆ ಕಾಲದಲ್ಲಿ ಇದನ್ನು ಕೇಳಿದವರು ಬಾಯಿಮೇಲೆ ಬೆರಳಿಟ್ಟಿರಬೇಕು. ಡಬ್ಲ್ಯುಡಿಎಂ-2 ಊರೂರಿಗೂ ಗೊತ್ತಿದ್ದ ಎಂಜಿನ್ ಆದ್ದರಿಂದ ರಾಜಧಾನಿಯ ಮುಂದಿದ್ದದ್ದೂ ಅದೇ ಎಂದುಕೊಳ್ಳುವುದು ಸಹಜ. ಚಕ್ರದ ಸಂದು ನೋಡಿ, ಸಮವಾಗಿದೆ! ಅದು ಡಬ್ಲ್ಯುಡಿಎಂ-4. ಇಡೀ ದೇಶದಲ್ಲಿ ಇದ್ದದ್ದೇ 72. ಆ ವೇಗದ ಗಾಡಿಗೆ ಆರಿಸಿಕೊಂಡದ್ದು ಈ ಚಿಕ್ಕ ಬಳಗವನ್ನೇ.

ಅಷ್ಟು ಒಳ್ಳೆಯ ಎಂಜಿನ್ 72ಕ್ಕೇ ಏಕೆ ನಿಂತಿತು? ಭಾರತಕ್ಕೆ ಬೇಕಿದ್ದದ್ದು ಎಂಜಿನ್ ಮಾತ್ರವಲ್ಲ, ಎಂಜಿನ್ ಕಟ್ಟುವ ವಿದ್ಯೆ. ಅದನ್ನು ಹೇಳಿಕೊಡಲು ಆಲ್ಕೊ ಒಪ್ಪಿತು, ಜನರಲ್ ಮೋಟರ್ಸ್ ಒಪ್ಪಲಿಲ್ಲ. ವಾರಾಣಸಿಯಲ್ಲಿ ಡೀಸೆಲ್ ಎಂಜಿನ್ ಕಾರ್ಖಾನೆ ಎದ್ದಿತು. ಅಲ್ಲಿ ಜೋಡಿಸಿದ ಮೊದಲ ಡಬ್ಲ್ಯುಡಿಎಂ-2ನ್ನು 1964ರ ಜನವರಿ 3ರಂದು ಲಾಲ್ ಬಹಾದೂರ್ ಶಾಸ್ತ್ರಿ ದೇಶಕ್ಕೆ ಅರ್ಪಿಸಿದರು. ಅದರ ಸಂಖ್ಯೆ 18233. ಆಲ್ಕೊ ಪೂರ್ತಿ ಕಟ್ಟಿ ಕಳಿಸಿದ ಮೊದಲನೆಯದರ ಸಂಖ್ಯೆ 18040, ಈಗ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ.

ಸಂಖ್ಯೆ ಓದಲು ಸಿಕ್ಕರೆ ಸಂತೋಷ, ಆದರೆ ಎಚ್ಚರ ಬೇಕು. ದೊಡ್ಡ ಸಂಖ್ಯೆ ಹೊಸದು, ಚಿಕ್ಕದು ಹಳೆಯದು ಎಂಬ ನಮ್ಮ ರೂಢಿಯ ಲೆಕ್ಕ ಡಬ್ಲ್ಯುಡಿಎಂ-2ರಲ್ಲಿ ತಲೆಕೆಳಗು. ಮೊದಲು ಬಂದವು 18ರಿಂದ ಶುರುವಾಗುವ ಸಂಖ್ಯೆಗಳು, 17 ಮತ್ತು 16ರವು ಆಮೇಲಿನವು. ಅಪರೂಪಕ್ಕೆ ಡ್ರೈವರ್ ಕೋಣೆಯ ಮುಂದಿನ ಗಿಡ್ಡ ಮೂಗು ಕಿರಿದಾಗಿರದೆ ಎಂಜಿನ್ನಿನ ಪೂರ್ತಿ ಅಗಲಕ್ಕೂ ಹರಡಿ, ಮೇಲೆ ದೊಡ್ಡ ದೊಡ್ಡ ಕಿಟಕಿಗಳಿರುವ ಡಬ್ಲ್ಯುಡಿಎಂ-2 ಕಾಣಿಸಿದರೆ ಕೈಯಲ್ಲಿ ನಿಧಿ ಇದೆ ಎಂದೇ ತಿಳಿಯಿರಿ. ರೈಲು ಪ್ರಿಯರು ಅದನ್ನು ಜಂಬೊ ಎನ್ನುತ್ತಾರೆ, ಕಟ್ಟಿದ್ದು ಕೆಲವೇ ಕೆಲವು.

ಇನ್ನೂ ಒಂದು ಸಂಗತಿ ನನ್ನನ್ನು ದಿನಗಟ್ಟಲೆ ಕಾಡಿತು. ಅರಸೀಕೆರೆಯ ಪುಟ್ಟ ವೈಡಿಎಂ-4ರ ಒಳಗೆ, ಬ್ರಾಡ್ ಗೇಜಿನ ಭಾರಿ ಡಬ್ಲ್ಯುಡಿಎಂ-2ರ ಒಳಗೆ, ಉಬ್ಬು ಮೂಗಿನ ಡಬ್ಲ್ಯುಡಿಎಂ-1ರ ಒಳಗೆ ಬಡಿಯುತ್ತಿದ್ದದ್ದು ಒಂದೇ ಎಂಜಿನ್! ಆಲ್ಕೊದ 251. ಸಿಲಿಂಡರಿನ ಅಗಲ 9 ಅಂಗುಲ, ಪಿಸ್ಟನ್ನಿನ ಓಟ ಹತ್ತೂವರೆ ಅಂಗುಲ. ವೈಡಿಎಂ-4ರಲ್ಲಿ ಅಂಥ 6 ಸಿಲಿಂಡರ್, ಡಬ್ಲ್ಯುಡಿಎಂ-1ರಲ್ಲಿ 12, ಡಬ್ಲ್ಯುಡಿಎಂ-2ರಲ್ಲಿ 16. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನ ಆಲ್ಕೊ ಕಾರ್ಖಾನೆ 1969ರಲ್ಲಿ ಎಂಜಿನ್ ಕಟ್ಟುವುದನ್ನೇ ನಿಲ್ಲಿಸಿತು. ವಾರಾಣಸಿಯಲ್ಲಿ ಮಾತ್ರ ಡಬ್ಲ್ಯುಡಿಎಂ-2 ಹುಟ್ಟುತ್ತಲೇ ಇತ್ತು, 1990ರ ದಶಕದ ಕೊನೆಯವರೆಗೂ. ತವರು ಮುಚ್ಚಿಹೋದ ಮೇಲೂ ಮನೆತನ ಇಲ್ಲಿ ಬೆಳೆಯಿತು. ಎಂಬತ್ತರ ದಶಕದ ಯಾವುದೇ ಭಾರತೀಯ ಎಕ್ಸ್‌ಪ್ರೆಸ್ ಗಾಡಿಯ ಫೋಟೋ ಕೈಗೆತ್ತಿಕೊಳ್ಳಿ, ಮುಂದೆ ಡೀಸೆಲ್ ಎಂಜಿನ್ ಇದ್ದರೆ ಹತ್ತಕ್ಕೆ ಒಂಬತ್ತು ಸಲ ಅದು ಈ ವಂಶದ್ದೇ ಎನ್ನಲು ನನಗೆ ಅಂಜಿಕೆಯಿಲ್ಲ.

ಎಂಜಿನ್ ಕಾಣದಿದ್ದರೂ ನಿರಾಸೆ ಬೇಡ, ಡಬ್ಬಿ ಮಾತಾಡುತ್ತದೆ. ಬಾಗಿಲ ಹತ್ತಿರ ರೋಮನ್ ಲಿಪಿಯ ಮೂರು ಗೀಟು, ಅಂದರೆ ಮೂರನೆಯ ದರ್ಜೆ, ಕಂಡರೆ ಫೋಟೋ ಬಹುಮಟ್ಟಿಗೆ 1974ಕ್ಕಿಂತ ಹಿಂದಿನದು. ಆ ವರ್ಷ ಮೂರನೆಯ ದರ್ಜೆಯನ್ನೇ ತೆಗೆದುಹಾಕಿದರು. ನಯವಾದ ಉಕ್ಕಿನ ಮೈಯ ಡಬ್ಬಿಗಳು ಮದರಾಸಿನ ಪೆರಂಬೂರಿನ ಕಾರ್ಖಾನೆ 1955ರಲ್ಲಿ ಶುರುವಾದ ಮೇಲೆ ಹೆಚ್ಚಿದವು. ನಮ್ಮ ಬೆಂಗಳೂರಿನಲ್ಲಿ ವಿಮಾನ ಕಟ್ಟುತ್ತಿದ್ದ ಎಚ್‌ಎಎಲ್ ಕೂಡ ರೈಲು ಡಬ್ಬಿ ಕಟ್ಟಿದೆ, ಗೊತ್ತೇ? ಆ ವಿಭಾಗವೇ 1964ರಲ್ಲಿ ಹುಟ್ಟಿದ ಬಿಇಎಂಎಲ್‌ಗೆ ಹೋಯಿತು.

ಡಬ್ಬಿಯ ಮೇಲಿನ ವಲಯದ ಅಕ್ಷರಗಳನ್ನೂ ಬಿಡಬೇಡಿ. ಹುಬ್ಬಳ್ಳಿಯ ಹಣೆಬರಹ ನೋಡಿ: 1951ರಿಂದ ದಕ್ಷಿಣ ರೈಲ್ವೆ, 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಅದರ ಮಡಿಲಿಗೆ, 2003ರ ಏಪ್ರಿಲ್ 1ರಿಂದ ತಾನೇ ನೈಋತ್ಯ ರೈಲ್ವೆಯ ಕೇಂದ್ರ. ಊರು ಕದಲದೆ ಮೂರು ವಲಯ ಕಂಡಿದೆ. ಅಲ್ಲಿನ ಲೋಕಲ್ ಗಾಡಿಯ ಡಬ್ಬಿಯಲ್ಲಿ ‘ಎಸ್ ಆರ್’ ಇದೆಯೋ ‘ಎಸ್ ಸಿ’ ಇದೆಯೋ ‘ಎಸ್ ಡಬ್ಲ್ಯು’ ಇದೆಯೋ ಎಂಬುದೇ ಅರ್ಧ ಪಂಚಾಂಗ. ಒಂದು ಡಬ್ಬಿ ಬೇರೆ ವಲಯದಿಂದ ಬಂದದ್ದಿರಬಹುದು, ಗಾಡಿಯ ಎಲ್ಲ ಡಬ್ಬಿಗಳಲ್ಲೂ ಅದೇ ಅಕ್ಷರ ಇದ್ದರೆ ಮಾತು ಗಟ್ಟಿ.

ಒಮ್ಮೆ ಗೆಳೆಯರೊಬ್ಬರು ಕಳಿಸಿದ ಸ್ಲೈಡಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಜೋಡಿ ಹಳಿ, ಎದುರಿಗೆ ಬರುತ್ತಿರುವ ಆಲ್ಕೊ, ಸಂಖ್ಯೆ ಮಂಜುಮಂಜು. ನಮ್ಮಲ್ಲಿ ಗಾಡಿಗಳು ಎಡ ಹಿಡಿದು ಓಡುತ್ತವೆ. ಅಂದರೆ ನಮ್ಮ ಕಡೆಗೆ ಬರುವ ಗಾಡಿ ನಮ್ಮ ಬಲಗಡೆಯ ಹಳಿಯಲ್ಲಿ ಕಾಣಬೇಕು. ಇಲ್ಲಿ ಎಡಗಡೆ ಇದೆ. ಪಕ್ಕದಲ್ಲಿ ಬಾವುಟ ಹಿಡಿದು ನಿಂತವರ ಅಂಗಿ ನೋಡಿದೆ, ಜೇಬು ಬಲ ಎದೆಯ ಮೇಲೆ! ಸ್ಲೈಡನ್ನು ತಿರುವುಮುರುವಾಗಿ ಸ್ಕ್ಯಾನ್ ಮಾಡಿದ್ದಾರೆ. ಕಂಪ್ಯೂಟರಿನಲ್ಲಿ ಕನ್ನಡಿಬಿಂಬವನ್ನು ಮಗುಚಿದ ಕೂಡಲೇ ಗಾಡಿ ತನ್ನ ಹಳಿಗೆ ಬಂತು, ಜೇಬು ಎಡಕ್ಕೆ ಬಂತು, ಅರ್ಥವಿಲ್ಲದ ಗೀಚಿನಂತಿದ್ದ ಸಂಖ್ಯೆಯ ಮೊದಲೆರಡು ಅಂಕಿ 17 ಎಂದು ಎದ್ದು ನಿಂತವು. ಅಂಗಿಯ ಜೇಬಿನಿಂದ ಎಂಜಿನ್ ಸಂಖ್ಯೆ ಓದಿದ ಖುಷಿಯನ್ನು ಹೇಗೆ ಹೇಳಲಿ!

ಕೆಲವು ದಾರಿಗಳು ತಾವೇ ತಾರೀಖು ಬರೆದುಕೊಂಡಿವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಟ್ಟದ ದಾರಿ, 57 ಸುರಂಗಗಳ ದಾರಿ, ಮೀಟರ್ ಗೇಜಾಗಿ ತೆರೆದದ್ದು 1979ರಲ್ಲಿ. ಗೇಜ್ ಪರಿವರ್ತನೆಗೆಂದು ಗಾಡಿ ನಿಂತದ್ದು 1996ರಲ್ಲಿ. ಮತ್ತೆ ಪ್ರಯಾಣಿಕರ ಗಾಡಿ ಬಂದದ್ದು 2007ರಲ್ಲಿ, ಬ್ರಾಡ್ ಗೇಜಿನ ಮೇಲೆ. ಹಾಗಾಗಿ ಸುರಂಗದ ಬಾಯಲ್ಲಿ, ಕಮಾನು ಸೇತುವೆಯ ಮೇಲೆ, ನಡುವೆ ಒಂದೇ ಬಫರಿನ ವೈಡಿಎಂ-4 ನಿಂತ ಫೋಟೋ ನಿಮ್ಮ ಮನೆಯಲ್ಲಿದ್ದರೆ ಅದು ಆ 17 ವರ್ಷಗಳ ಒಳಗಿನದೇ. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೊರಟ ಎಷ್ಟು ಸಂಸಾರಗಳು ಕಿಟಕಿಯಿಂದ ಕ್ಯಾಮೆರಾ ಚಾಚಿರಬೇಕು. ತಿರುವಿನಲ್ಲಿ ಮುಂದಿನ ಎಂಜಿನ್ ಕಾಣುವ ಆ ಫೋಟೋಗಳು ಹಾಸನದಲ್ಲೋ ಪುತ್ತೂರಿನಲ್ಲೋ ಬೀರುವಿನ ಕೆಳಗಿನ ಅರೆಯಲ್ಲಿ ಈಗಲೂ ಇರಬೇಕು. ದಯವಿಟ್ಟು ಎಸೆಯಬೇಡಿ. ಆ ದಾರಿ ಆ ರೂಪದಲ್ಲಿ ಬದುಕಿದ್ದೇ ಅಷ್ಟು ವರ್ಷ.

ಕಥೆಗೆ ಇನ್ನೊಂದು ತಿರುವಿದೆ, ಅದು ನಮ್ಮ ಹುಬ್ಬಳ್ಳಿಯಲ್ಲೇ. 1962ರಲ್ಲಿ ವಿದ್ಯೆ ಕೊಡಲು ಒಪ್ಪದ ಜನರಲ್ ಮೋಟರ್ಸ್‌ನ ಎಂಜಿನ್ನುಗಳು 1999ರಲ್ಲಿ ಮತ್ತೆ ಭಾರತಕ್ಕೆ ಬಂದವು. ಈ ಸಲ ವಿದ್ಯೆಯ ಸಮೇತ. ಡಬ್ಲ್ಯುಡಿಜಿ-4 ಎಂಬ ಆ ಗೂಡ್ಸ್ ಎಂಜಿನ್ನುಗಳನ್ನು ಮೊದಲು ಸಾಕಿದ್ದು ಹುಬ್ಬಳ್ಳಿ ಶೆಡ್. 2001ರಲ್ಲಿ ಅವುಗಳ ಪ್ರಯಾಣಿಕ ಜೋಡಿ ಡಬ್ಲ್ಯುಡಿಪಿ-4 ಕೂಡ ಅಲ್ಲಿಗೇ ಬಂತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಹುಬ್ಬಳ್ಳಿಯ ಹಳಿಗಳ ಮೇಲೆ ಎರಡು ಮನೆತನಗಳೂ ಎದುರುಬದುರು ನಿಂತವು. ಅಂಥದೊಂದು ಬಣ್ಣದ ಫೋಟೋ, ಮುಂದೆ ಹೊಸ ಜನರಲ್ ಮೋಟರ್ಸ್ ಎಂಜಿನ್, ಹಿಂದಿನ ಡಬ್ಬಿಗಳ ಮೇಲೆಲ್ಲ ಇನ್ನೂ ‘ಎಸ್ ಸಿ’ ಅಕ್ಷರ, ನಿಮ್ಮಲ್ಲಿದ್ದರೆ ಒಂದು ಮೆತ್ತನೆಯ ಪೆನ್ಸಿಲ್ ತಗೊಂಡು ಹಿಂಬದಿಯಲ್ಲಿ ಈಗಲೇ ಬರೆದುಬಿಡಿ: ಹುಬ್ಬಳ್ಳಿ, 1999ರಿಂದ 2003, ಬಣ್ಣ ಬಳಿಯುವುದು ತಡವಾಗಿದ್ದರೆ ಇನ್ನೊಂದೆರಡು ವರ್ಷ.